ಬೆಟ್ಟ ಜಾರಿ ಬಿದ್ದ ಊರು

"ಬೂಷ್ಟು ಹಿಡಿದಿರೋದನ್ನ ದುಡ್ಡು ಕೊಟ್ಟು ತಗೊಂಡ್ಯಾ?"

ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದ್ದು ಇಷ್ಟೇ. ನನ್ನ ತಟ್ಟೆಯಲ್ಲಿ ಬಿಳಿ ಚೀಸಿನ ಒಂದು ತುಂಡಿತ್ತು. ಅದರ ತುಂಬ ನೀಲಿ, ಹಸಿರು ಗೆರೆಗಳು. ಮನೆಯಲ್ಲಿ ಬ್ರೆಡ್ಡಿನ ಮೇಲೆ ಈ ಬಣ್ಣ ಕಂಡರೆ ಅಮ್ಮ ಪೂರ್ತಿ ಪ್ಯಾಕೆಟ್ಟನ್ನೇ ತಿಪ್ಪೆಗೆ ಎಸೆಯುವವರು. ಇಲ್ಲಿ ಅದೇ ಬೂಷ್ಟನ್ನು ನಂಬಿಕೊಂಡು ಒಂದು ಇಡೀ ಊರೇ ಬದುಕಿದೆ. ಊರಿನ ಹೆಸರು ರೋಕ್‌ಫೋರ್-ಸ್ಯೂರ್-ಸುಲ್ಜೋಂ. ಚೀಸಿನ ಹೆಸರೂ ರೋಕ್‌ಫೋರ್.

ನಾನಿರುವುದು ಮೋಂಪೆಲಿಯೆಯಲ್ಲಿ, ಫ್ರಾನ್ಸಿನ ದಕ್ಷಿಣದ ಕಡಲಿಗೆ ಹತ್ತಿರ. ಅಲ್ಲಿಂದ ರೋಕ್‌ಫೋರ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ. ಮೊದಲು ದ್ರಾಕ್ಷಿ ತೋಟಗಳು. ಆಮೇಲೆ ಎಸ್ಕಲೆತ್ ಎಂಬ ಕಡಿದಾದ ಕಣಿವೆಯಲ್ಲಿ ಹೆದ್ದಾರಿ ಏರುತ್ತಾ ಹೋಗುತ್ತದೆ. ಮೇಲೆ ತಲುಪಿದ ತಕ್ಷಣ ನೋಟವೇ ಬದಲು. ಮರ ಕಡಿಮೆ, ಕಲ್ಲು ಜಾಸ್ತಿ, ಗಾಳಿ ಇನ್ನೂ ಜಾಸ್ತಿ. ಇದು ಲಾರ್ಜಾಕ್ ಪ್ರಸ್ಥಭೂಮಿ. ಸುಮಾರು ಸಾವಿರ ಚದರ ಕಿಲೋಮೀಟರ್ ಸುಣ್ಣದಕಲ್ಲು. ಮಳೆ ಸಾಕಷ್ಟು ಬರುತ್ತದೆ, ಆದರೆ ನೀರು ಮೇಲೆ ನಿಲ್ಲುವುದಿಲ್ಲ. ಬಿರುಕುಗಳಲ್ಲಿ ಇಳಿದು ಎಲ್ಲೋ ಕೆಳಗಿನ ಕಣಿವೆಯಲ್ಲಿ ಊಟೆಯಾಗಿ ಹೊರಬರುತ್ತದೆ. ಅದಕ್ಕೇ ಇಲ್ಲಿನವರು ಹೊಲದ ನಡುವೆ ಬಟ್ಟಲಿನ ಹಾಗೆ ಕಲ್ಲು ಹಾಸಿ ಮಳೆನೀರು ಹಿಡಿದಿಟ್ಟರು. ಲವೋನ್ಯ ಎನ್ನುತ್ತಾರೆ ಅದಕ್ಕೆ. ಕುರಿಗಳು ಸುತ್ತಲೂ ನಿಂತು ನೀರು ಕುಡಿಯುವಂಥ ಕಟ್ಟೆ. ನೀರಿಲ್ಲದ, ಮಣ್ಣಿಲ್ಲದ ಈ ಜಾಗದಲ್ಲಿ ಕುರಿ ಬಿಟ್ಟರೆ ಬೇರೆ ಏನು ಸಾಕಲು ಸಾಧ್ಯ, ಹೇಳಿ.

ಲಾರ್ಜಾಕ್‌ನ ಅಂಚಿನಲ್ಲಿ ಕೊಂಬಾಲು ಎಂಬ ಗುಡ್ಡವಿದೆ. ಅದರ ಮೇಲ್ಭಾಗ ಗಟ್ಟಿ ಸುಣ್ಣದಕಲ್ಲು, ಕೆಳಗೆ ಜೇಡಿಮಣ್ಣಿನ ಪದರ. ಬಹಳ ಹಿಂದೆ ಯಾವಾಗಲೋ ನೀರು ಇಳಿದಿಳಿದು ಆ ಜೇಡಿ ಮೆತ್ತಗಾಯಿತು, ಮೇಲಿನ ಬಂಡೆ ಉತ್ತರದ ಕಡೆಗೆ ಜಾರಿತು. ಸುಮಾರು 2 ಕಿಲೋಮೀಟರ್ ಉದ್ದಕ್ಕೂ ಮನೆಯಷ್ಟು, ಗುಡಿಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದವು. ಬಂಡೆಗಳ ನಡುವೆ ಸಂದಿಗಳು ಉಳಿದುಕೊಂಡವು. ಹೊರಗಿನ ಗಾಳಿ ಆ ಸಂದಿಗಳಲ್ಲಿ ಓಡಾಡುತ್ತದೆ. ಒಳಗಿನ ಒದ್ದೆ ಕಲ್ಲು ಸವರಿಕೊಂಡು ತಣ್ಣಗಾಗಿ, ತೇವವಾಗಿ ಗವಿಗಳಿಗೆ ಬರುತ್ತದೆ. ಈ ಸಂದಿಗೆ ಊರಿನವರ ಹೆಸರು ಫ್ಲರೀನ್.

ಊರು ಕಟ್ಟಿರುವುದು ಈ ಬಿದ್ದ ಬಂಡೆಗಳ ಮೇಲೇ. ನಕ್ಷೆಯಲ್ಲಿ ನೋಡಿದರೆ ಒಂದು ಉದ್ದನೆಯ ಬೀದಿ, ಬಂಡೆಗೋಡೆಗೆ ಬೆನ್ನು ಕೊಟ್ಟು ಕೂತ ಹಾಗೆ. ಮುಖ ಉತ್ತರಕ್ಕೆ, ಹಾಗಾಗಿ ಚಳಿಗಾಲದಲ್ಲಿ ಬಿಸಿಲು ಅಪರೂಪ. ವಾಸಕ್ಕೆ ಜಾಗ ಹುಡುಕುವವರು ಇಂಥ ಕಡೆ ಮನೆ ಕಟ್ಟುವುದಿಲ್ಲ. ಕಟ್ಟಿದ್ದು ಚೀಸಿಗೆ, ಜನ ಆಮೇಲೆ ಬಂದರು. ಮನೆಗಳ ಹಾಗೆ ಕಾಣುವ ಎಷ್ಟೋ ಕಟ್ಟಡಗಳು ಮನೆಗಳೇ ಅಲ್ಲ. ಒಳಗೆ ಹೊಕ್ಕರೆ ಮೆಟ್ಟಿಲು ಕೆಳಗೆ, ಇನ್ನೂ ಕೆಳಗೆ ಹೋಗುತ್ತದೆ.

ಇದು ಒಂದು ಕೊಮ್ಯೂನ್. ಊರಲ್ಲಿರುವವರಿಗೆ ಹೇಳುವುದಾದರೆ ನಮ್ಮ ಗ್ರಾಮ ಪಂಚಾಯಿತಿ ಥರ. ಆದರೆ ಪೂರ್ತಿ ಹಾಗಲ್ಲ. ಪ್ಯಾರಿಸ್ಸೂ ಒಂದು ಕೊಮ್ಯೂನೇ, ಐವತ್ತು ಜನರ ಹಳ್ಳಿಯೂ ಒಂದು ಕೊಮ್ಯೂನೇ. 1789ರ ಕ್ರಾಂತಿಯ ಕಾಲದಲ್ಲಿ ಬಂದ ಏರ್ಪಾಡು ಇದು. ಈಗಲೂ ದೇಶದಲ್ಲಿ ಸುಮಾರು 35,000 ಕೊಮ್ಯೂನ್‌ಗಳಿವೆ. ಪ್ರತಿಯೊಂದಕ್ಕೂ ಒಬ್ಬ ಮೇರ್ (ಅಂದರೆ ಮೇಯರ್), ಬಾಗಿಲ ಮೇಲೆ ಬಾವುಟವಿರುವ ಒಂದು ಕಚೇರಿ. ರೋಕ್‌ಫೋರ್‌ನಲ್ಲಿ ಈಗ ಆರುನೂರಕ್ಕೂ ಕಡಿಮೆ ಜನ. ಬೀದಿಯಲ್ಲಿ ಸುಮ್ನೆ ಅಡ್ಡಾಡಿದರೆ ಎದುರಾಗುವವರಲ್ಲಿ ಪ್ರವಾಸಿಗರೇ ಹೆಚ್ಚು. ಲೋಕವೆಲ್ಲ ಹೆಸರು ಬಲ್ಲ ಊರಿನಲ್ಲಿ ಸಂಜೆ ಆರಕ್ಕೆ ಒಂದು ಕಾಫಿ ಸಿಗದೆ ನಾನು ಪರದಾಡಿದೆ.

ಗವಿಯೊಳಗೆ ಹೋಗಲು ಟಿಕೆಟ್ ಇದೆ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಸ್ವೆಟರ್ ಬೇಕು. ವರ್ಷವಿಡೀ 8ರಿಂದ 12 ಡಿಗ್ರಿ. ಗೈಡ್ ಹುಡುಗಿ ಗೋಡೆಯಲ್ಲಿದ್ದ ಒಂದು ಪುಟ್ಟ ಮರದ ಬಾಗಿಲು ತೆರೆದು "ಕೈ ಇಡಿ" ಅಂದಳು. ಇಟ್ಟೆ. ಕಲ್ಲಿನ ಬಿರುಕಿನಿಂದ ತಣ್ಣನೆಯ ಉಸಿರು ಬೆರಳ ನಡುವೆ ಹಾದುಹೋಯಿತು. ಫ್ರಿಜ್ಜಿನ ಗಾಳಿಯ ಹಾಗೆ ಒಣಗಿದ್ದಲ್ಲ. ಮಳೆ ನಿಂತ ಮೇಲೆ ಬಾವಿಕಟ್ಟೆಯ ಹತ್ತಿರ ಬರುತ್ತದಲ್ಲ, ಹಾಗೆ. ಗವಿ ನೋಡಿಕೊಳ್ಳುವ ಹಿರಿಯ ಕೆಲಸಗಾರ ಈ ಪುಟ್ಟ ಬಾಗಿಲುಗಳನ್ನು ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹವೆ ನೋಡಿ ನಿರ್ಧರಿಸುತ್ತಾನಂತೆ.

ಚೀಸಿನ ಕತೆ ಹೀಗೆ. ಲಕೋನ್ ಎಂಬ ತಳಿಯ ಕುರಿಯ ಹಸಿ ಹಾಲು ಮಾತ್ರ ಆಗಬೇಕು, ಕಾಯಿಸುವ ಹಾಗಿಲ್ಲ. ಹಾಲು ಒಡೆಯುವಾಗ ಪೆನಿಸಿಲಿಯಂ ರೋಕ್‌ಫೋರ್ಟಿ ಎಂಬ ಬೂಷ್ಟಿನ ಪುಡಿ ಸೇರಿಸುತ್ತಾರೆ. ಹಿಂದೆಲ್ಲ ಈ ಪುಡಿಗೆ ದೊಡ್ಡ ರೈ ರೊಟ್ಟಿಗಳನ್ನು ಹೊರಗೆ ಕರ್ರಗಾಗುವಷ್ಟು ಸುಟ್ಟು, ಗವಿಯಲ್ಲಿ ವಾರಗಟ್ಟಲೆ ಬಿಡುತ್ತಿದ್ದರು. ಒಳಗೆಲ್ಲ ಬೂಷ್ಟು ಹಬ್ಬಿದ ಮೇಲೆ ಪುಡಿ ಮಾಡುತ್ತಿದ್ದರು. ಚಕ್ರದ ಆಕಾರದ ಒಂದು ಚೀಸು ಮೂರು ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತದೆ, ಅದಕ್ಕೆ ಸುಮಾರು 12 ಲೀಟರ್ ಹಾಲು ಬೇಕು. ಆಮೇಲೆ ಅದಕ್ಕೆ ಸೂಜಿಗಳಿಂದ ತೂತು ಹಾಕುತ್ತಾರೆ, ಬೂಷ್ಟಿಗೆ ಉಸಿರಾಡಲು. ಕನಿಷ್ಠ 14 ದಿನ ಈ ಗವಿಗಳಲ್ಲಿ ಇರಲೇಬೇಕು, ಒಟ್ಟು ಮಾಗುವುದಕ್ಕೆ ಕನಿಷ್ಠ 90 ದಿನ. ಹಾಲು ದೂರದ ಹಳ್ಳಿಗಳಿಂದ ಬರಬಹುದು. ಗವಿ ಮಾತ್ರ ಈ ಕೊಮ್ಯೂನ್‌ನದ್ದೇ ಆಗಬೇಕು. ಪೂರ್ತಿ ಸಸ್ಯಾಹಾರಿಗಳಿಗೆ ಒಂದು ಮಾತು: ಹಾಲು ಒಡೆಯಲು ಬಳಸುವ ರೆನೆಟ್ ಪ್ರಾಣಿಯ ಹೊಟ್ಟೆಯಿಂದ ಬಂದದ್ದು. ಕೊಳ್ಳುವ ಮೊದಲು ಗೊತ್ತಿರಲಿ.

ಗವಿಯ ಗೋಡೆಗಳಲ್ಲಿ ಹಳೆಯ ಫೋಟೋಗಳಿವೆ. ನಾನು ಹೆಚ್ಚು ಹೊತ್ತು ನಿಂತದ್ದು ಅವುಗಳ ಮುಂದೆ. ಮೈತುಂಬ ಉಣ್ಣೆ ಬಟ್ಟೆ, ಕಾಲಿಗೆ ಮರದ ಪಾದುಕೆ, ಕೈಯಲ್ಲಿ ಚಾಕು ಹಿಡಿದ ಹೆಂಗಸರು. ಕಬಾನ್ಯೇರ್ ಎಂದು ಅವರ ಹೆಸರು. ಬಿಸಿಲು ಕಾಣದ ಗವಿಯಲ್ಲಿ ದಿನವಿಡೀ ಚೀಸು ಕೆರೆಯುವುದು, ಉಪ್ಪು ಹಚ್ಚುವುದು, ಮಗುಚುವುದು ಅವರ ಕೆಲಸ. ಕುರುಬ ಹುಡುಗನೊಬ್ಬ ಹುಡುಗಿಯ ಹಿಂದೆ ಓಡಿ, ಬುತ್ತಿಯನ್ನು ಗವಿಯಲ್ಲೇ ಮರೆತುಬಿಟ್ಟ, ಅದೇ ರೋಕ್‌ಫೋರ್ ಆಯಿತು ಎಂಬ ಕತೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಚೆನ್ನಾಗಿದೆ. ಆದರೆ ಆ ಹುಡುಗನಿಗಿಂತ ಈ ಹೆಂಗಸರ ಫೋಟೋಗಳನ್ನು ಟಿಕೆಟ್ಟಿನ ಮೇಲೆ ಹಾಕಿದ್ದರೆ ನನಗೆ ಜಾಸ್ತಿ ಖುಷಿಯಾಗುತ್ತಿತ್ತು.

ಈ ಊರು ತನ್ನ ಗಾಳಿಯನ್ನು ಕಾದುಕೊಂಡು ಬಂದ ರೀತಿಯೇ ಅದರ ಇತಿಹಾಸ. 1411ರಲ್ಲಿ ರಾಜ ಆರನೇ ಚಾರ್ಲ್ಸ್, ಚೀಸು ಮಾಗಿಸುವ ಹಕ್ಕನ್ನು ಊರಿನವರಿಗೇ ಕೊಟ್ಟ. 1666ರಲ್ಲಿ ತುಲೂಸ್‌ನ ನ್ಯಾಯಸ್ಥಾನ, ಬೇರೆ ಕಡೆ ಮಾಡಿದ್ದನ್ನು ಈ ಹೆಸರಲ್ಲಿ ಮಾರಿದರೆ ದಂಡ ಎಂದಿತು. 1925ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಬಂತು. ಮೂಲಸ್ಥಾನದ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕ ಮೊದಲ ಫ್ರೆಂಚ್ ಚೀಸು ಇದು. ನಮ್ಮಲ್ಲಿ ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆಯಲ್ಲ, ಆ ದಾರಿಯಲ್ಲಿ ಇವರು ಬಹಳ ಹಿಂದೆಯೇ ಹೆಜ್ಜೆ ಹಾಕಿದ್ದರು.

ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದಾಗ ಅಪ್ಪ ಅಮ್ಮನ ಕೈಯಿಂದ ಫೋನ್ ಕಸಿದುಕೊಂಡರು. "ಅದೇ ಲಾರ್ಜಾಕಾ ಮಗಾ? ಕುರಿ ಸಾಕೋರು ಮಿಲಿಟ್ರಿ ಮೇಲೆ ಗೆದ್ದಿದ್ದು?"

ನನಗೆ ಆಶ್ಚರ್ಯ. ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ಕೂತ ಅಪ್ಪನಿಗೆ ಲಾರ್ಜಾಕ್ ಗೊತ್ತು!

ಹೌದು, ಅದೇ. 1971ರಲ್ಲಿ ಸರ್ಕಾರ ಲಾರ್ಜಾಕ್‌ನ ಸೇನಾ ಶಿಬಿರವನ್ನು 3,000 ಹೆಕ್ಟೇರಿನಿಂದ 17,000 ಹೆಕ್ಟೇರಿಗೆ ಹಿಗ್ಗಿಸಲು ಹೊರಟಿತು. ಜಮೀನು ಹೋಗುವವರಲ್ಲಿ ಬಹಳ ಜನ ರೋಕ್‌ಫೋರ್‌ಗೆ ಹಾಲು ಹಾಕುವ ಕುರಿಗಾರರೇ. 1972ರಲ್ಲಿ 103 ರೈತರು ಜಮೀನು ಬಿಡುವುದಿಲ್ಲ ಎಂದು ಪ್ರಮಾಣ ಮಾಡಿದರು. ಅದೇ ದಿನಗಳಲ್ಲಿ ಅವರ ನಡುವೆ ಕೂತು ಹದಿನೈದು ದಿನ ಉಪವಾಸ ಮಾಡಿದವರು ಲಾಂಜಾ ದೆಲ್ ವಾಸ್ತೊ. 1937ರಲ್ಲಿ ವಾರ್ಧಾಕ್ಕೆ ಹೋಗಿ ಗಾಂಧೀಜಿಯ ಜೊತೆ ಇದ್ದು ಬಂದವರು. ಗಾಂಧಿ ಅವರಿಗೆ ಇಟ್ಟ ಹೆಸರು ಶಾಂತಿದಾಸ್. ಅವರಿಂದ ಸತ್ಯಾಗ್ರಹ ಕಲಿತ ಕುರಿಗಾರರು ಐಫೆಲ್ ಗೋಪುರದ ಕೆಳಗೆ ಕುರಿ ಮೇಯಿಸಿದರು, ಪ್ಯಾರಿಸ್ ಕಡೆಗೆ ಟ್ರ್ಯಾಕ್ಟರ್ ಓಡಿಸಿದರು, ಪ್ಯಾರಿಸ್‌ವರೆಗೆ ನಡೆದರು. ಹತ್ತು ವರ್ಷ. 1981ರಲ್ಲಿ ಮಿತ್ತೆರಾಂ ಅಧ್ಯಕ್ಷರಾದ ಮೇಲೆ ಯೋಜನೆ ರದ್ದಾಯಿತು.

"ನಮ್ಮ ಪ್ರೊಫೆಸರ್ರು ಹೋಗಿದ್ರಲ್ಲ ಆ ಕಡೆಗೆ," ಅಂದರು ಅಪ್ಪ. ಪ್ರೊಫೆಸರ್ ಅಂದರೆ ರೈತ ಸಂಘದ ಮುಂದಾಳಾಗಿದ್ದ ಎಂ.ಡಿ. ನಂಜುಂಡಸ್ವಾಮಿ. ಅಪ್ಪನ ಹಸಿರು ಶಾಲು ಇನ್ನೂ ಬೀರುವಿನಲ್ಲಿದೆ.

1999ರ ಬೇಸಿಗೆಯಲ್ಲಿ ರೈತ ಸಂಘದವರೂ ಸೇರಿದಂತೆ ನೂರಾರು ಭಾರತೀಯ ರೈತರು ಬಸ್ಸುಗಳಲ್ಲಿ ಯುರೋಪ್ ಸುತ್ತಿದರು. ಜೂನ್‌ನಲ್ಲಿ ನಾನಿರುವ ಇದೇ ಮೋಂಪೆಲಿಯೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಫ್ರೆಂಚ್ ರೈತರು ಕುಲಾಂತರಿ ಭತ್ತದ ಸಸಿಗಳನ್ನು ಹಾಳುಮಾಡಿದಾಗ ಈ ಭಾರತೀಯರಲ್ಲಿ ಕೆಲವರು ಜೊತೆಗಿದ್ದರು. ಫ್ರೆಂಚರ ಕಡೆ ಮುಂದಾಳು ಜೋಸೆ ಬೊವೆ. ಲಾರ್ಜಾಕ್‌ನಲ್ಲಿ ಕುರಿ ಸಾಕಿ ರೋಕ್‌ಫೋರ್‌ಗೆ ಹಾಲು ಹಾಕುತ್ತಿದ್ದವರು. ಅದೇ ವರ್ಷ, ಯುರೋಪು ಹಾರ್ಮೋನ್ ಹಾಕಿದ ದನದ ಮಾಂಸ ಬೇಡವೆಂದಿದ್ದಕ್ಕೆ ಅಮೆರಿಕ ರೋಕ್‌ಫೋರ್ ಮೇಲೆ ನೂರಕ್ಕೆ ನೂರು ಸುಂಕ ಹಾಕಿತು. ಆಗಸ್ಟ್ 12ರಂದು ಬೊವೆ ಮತ್ತು ಗೆಳೆಯರು ಪಕ್ಕದ ಮಿಯೋ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಹಗಲು ಹೊತ್ತಿನಲ್ಲೇ ಬಿಚ್ಚಿ ಹಾಕಿದರು. ಬೊವೆ ಜೈಲಿಗೂ ಹೋಗಿ ಬಂದರು. ನಮ್ಮವರು 1996ರಲ್ಲೇ ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದ್ದರು, ನೆನಪಿದೆಯಲ್ಲ.

"ಆ ಅಂಗಡಿ ಈಗ ಏನಾಗಿದೆ ಮಗಾ?"

"ಕಟ್ಟಿ ಮುಗಿಸಿದರು ಅಪ್ಪ. ಬರ್ತಾ ನೋಡಿದೆ, ಪಾರ್ಕಿಂಗ್‌ನಲ್ಲಿ ಜಾಗ ಇರಲಿಲ್ಲ."

ಅಪ್ಪ ಜೋರಾಗಿ ನಕ್ಕರು. "ಬೆಂಗಳೂರಲ್ಲೂ ಅಷ್ಟೇ ಅಲ್ವಾ," ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಬರ್ತಾ ಆ ಬೂಷ್ಟು ಒಂದು ತುಂಡು ತಗೊಂಡ್ ಬಾ. ಅಮ್ಮಂಗೆ ಹೇಳ್ಬೇಡ."