ಹೆಸರು ಕೊನೆಗೆ ಓದಿ: ಉಎನೊದಿಂದ ಒಸಾಫುನೆವರೆಗೆ ಹಳೆಯ ಕತ್ತಿಗಳ ದಾರಿ

ಜಪಾನಿನ ಹಳೆಯ ಕತ್ತಿಗಳ ಹುಚ್ಚು ಹಿಡಿದು ಟೋಕಿಯೊಗೆ ಬಂದವರು ಮೊದಲ ದಿನವೇ ಗಿಂಜಾದ ಅಂಗಡಿಗಳಿಗೆ ನುಗ್ಗಬಾರದು. ಕಣ್ಣು ಪಳಗುವ ಮೊದಲು ದುಡ್ಡು ಬಿಚ್ಚಿದರೆ ಮನೆಗೆ ಬರುವುದು ಹಿಡಿಯೊಳಗೆ ಅಡಗುವ ಬುಡದ ಮೇಲೆ ಕೆತ್ತಿದ ಕಮ್ಮಾರನ ಹೆಸರು, ಕತ್ತಿಯಲ್ಲ. ಆದ್ದರಿಂದ ನಮ್ಮ ದಾರಿ ಮೊದಲು ಉಎನೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಆಮೇಲೆ ರ್ಯೊಗೊಕು, ಅಲ್ಲಿಂದ ಓಕಾಯಾಮಾ ಪ್ರಾಂತ್ಯದ ಒಸಾಫುನೆ. ಅಂಗಡಿ ಕೊನೆಗೆ. ಈ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಅದನ್ನು ನೋಡಿಕೊಂಡೇ ದಿನ ಹೊಂದಿಸಿಕೊಳ್ಳಬೇಕು.

ಉಎನೊದಲ್ಲಿ ಮುಖ್ಯ ಕಟ್ಟಡವಾದ ಹೊನ್ಕಾನ್‌ನ 13ನೇ ಕೋಣೆಯಲ್ಲಿ ಕತ್ತಿಗಳಿವೆ. ಮಿಕಾಜುಕಿ ಮುನೆಚಿಕಾ, ದೋಜಿಗಿರಿ ಯಾಸುತ್ಸುನಾದಂಥ ರಾಷ್ಟ್ರೀಯ ನಿಧಿಗಳು ಈ ಸಂಗ್ರಹಾಲಯದವೇ ಆದರೂ ಎಲ್ಲ ದಿನವೂ ಹೊರಗೆ ಇರುವುದಿಲ್ಲ, ಪ್ರದರ್ಶನ ಬದಲಾಗುತ್ತಿರುತ್ತದೆ. ಅವೇ ಬೇಕೆಂದು ಹಟ ಹಿಡಿಯುವುದು ಬೇಡ. ಮೊದಲು ಕತ್ತಿಯನ್ನು ಯಾವ ಬದಿಗೆ ಇಟ್ಟಿದ್ದಾರೆ ನೋಡಿ. ಹರಿತವಾದ ಬಾಯಿ ಕೆಳಗಿದ್ದರೆ ಅದು ಸೊಂಟದಿಂದ ತೂಗುಹಾಕುತ್ತಿದ್ದ ತಾಚಿ, ಬಾಯಿ ಮೇಲಿದ್ದರೆ ನಡುಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕತಾನ. ಆಮೇಲೆ ಹಿಂದೆ ಸರಿದು ನಿಂತು ಮೈಕಟ್ಟನ್ನಷ್ಟೇ ನೋಡಿ. ಕಾಲವನ್ನು ಹೇಳುವುದು ಅದೇ. ಕಮಾಕುರಾ ಕಾಲದ (ಸುಮಾರು 1185ರಿಂದ 1333) ತಾಚಿ ಬುಡದ ಹತ್ತಿರ ಬಾಗಿ ತುದಿಯ ಕಡೆಗೆ ನೆಟ್ಟಗಾಗುತ್ತದೆ, ಉದ್ದ 75 ಸೆಂಟಿಮೀಟರ್ ದಾಟುವುದು ಸಾಮಾನ್ಯ. 14ನೇ ಶತಮಾನದ ನಾನ್‌ಬೊಕುಚೊ ಕಾಲದ್ದು ಅಗಲ, ಮೊನೆ ಉದ್ದ. 16ನೇ ಶತಮಾನದ ಯುದ್ಧಕಾಲದ ಕತಾನ ಗಿಡ್ಡ, ಒಂದೇ ಕೈಗೆ ಸಾಕಾಗುವಷ್ಟು ಬುಡ. 1660ರ ದಶಕದ ಕತ್ತಿಗೆ ಬಾಗೇ ಕಡಿಮೆ, ತುದಿಗೆ ಹೋಗುತ್ತ ಸಣ್ಣಗಾಗಿ ಮೊನೆಯೂ ಚಿಕ್ಕದು. 1596ಕ್ಕಿಂತ ಹಿಂದಿನವು ಕೊತೊ, ಅಲ್ಲಿಂದ 18ನೇ ಶತಮಾನದ ಕೊನೆಯವರೆಗಿನವು ಶಿಂತೊ, ಮುಂದೆ 1876ರಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸುವವರೆಗಿನವು ಶಿನ್‌ಶಿಂತೊ.

ಮೈಕಟ್ಟು ಮನಸ್ಸಿಗೆ ಕೂತ ಮೇಲೆ ಗಾಜಿನ ಹತ್ತಿರ ಹೋಗಿ. ಕತ್ತಿಯನ್ನು ಅಲ್ಲಾಡಿಸುವಂತಿಲ್ಲ, ನಮ್ಮ ತಲೆಯನ್ನೇ ಅಲ್ಲಾಡಿಸಬೇಕು. ಮಂಡಿ ಬಗ್ಗಿಸಿ, ದೀಪದ ಪ್ರತಿಫಲನ ಅಲಗಿನ ಮೇಲೆ ಬೀಳುವ ಎತ್ತರ ಹುಡುಕಿ, ನಿಧಾನ ಪಕ್ಕಕ್ಕೆ ಸರಿಯುತ್ತ ಹೋದರೆ ಬೆಳಕಿನ ಅಂಚಿನಲ್ಲಿ ಹಾಮೊನ್, ಅಂದರೆ ಹದದ ಗೆರೆ, ಎದ್ದು ಕಾಣುತ್ತದೆ. ಕಮ್ಮಾರ ಬಾಯಿಯ ಕಡೆ ತೆಳುವಾಗಿ, ಬೆನ್ನಿನ ಕಡೆ ದಪ್ಪಗೆ ಜೇಡಿಮಣ್ಣು ಬಳಿದು, ಕಾಯಿಸಿ ನೀರಿಗೆ ಅದ್ದುತ್ತಾನೆ. ಬೇಗ ತಣಿದ ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಮೆದುವಾಗಿಯೇ ಉಳಿಯುತ್ತದೆ. ಇವೆರಡರ ಗಡಿಯೇ ಹಾಮೊನ್. ಆ ಗಡಿಯಲ್ಲಿ ಸಣ್ಣ ರವೆ ಚೆಲ್ಲಿದ ಹಾಗೆ ಬಿಡಿ ಕಣಗಳು ಮಿಂಚಿದರೆ ನಿಎ. ಕಣ ಬೇರೆಬೇರೆ ಕಾಣದೆ ಬರೀ ಬಿಳಿ ಪಟ್ಟಿಯಿದ್ದರೆ ನಿಒಯಿ. ಸಾಗಾಮಿ, ಅಂದರೆ ಸೋಶು, ಪ್ರಾಂತ್ಯದವರದು ನಿಎ, ಒಸಾಫುನೆ ಇರುವ ಬಿಜೆನ್ ಪ್ರಾಂತ್ಯದವರದು ಹೆಚ್ಚಾಗಿ ನಿಒಯಿ. ಐದು ಸಂಪ್ರದಾಯಗಳನ್ನು, ಅಂದರೆ ಯಾಮಾಶಿರೊ, ಯಾಮಾತೊ, ಬಿಜೆನ್, ಸೋಶು, ಮಿನೊಗಳನ್ನು, ಬೇರ್ಪಡಿಸಲು ಇದು ಮೊದಲ ಮೆಟ್ಟಿಲು. ಜೇಬಿನಲ್ಲಿ ಹಿಡಿಯುವ ಒಂಟಿಗಣ್ಣಿನ ದೂರದರ್ಶಕ ಇಟ್ಟುಕೊಂಡರೆ ಗಾಜಿನಾಚೆಯ ಕಣಗಳೂ ಸಿಗುತ್ತವೆ.

ಸುಮಿದಾ ನದಿಯಾಚೆಯ ರ್ಯೊಗೊಕು ಸೂಮೊ ಕುಸ್ತಿಯ ಊರು. ನಿಲ್ದಾಣದಿಂದ ಹತ್ತು ನಿಮಿಷದೊಳಗೆ ನಡೆದರೆ ಹಳೆಯ ಯಾಸುದಾ ಉದ್ಯಾನದ ಪಕ್ಕ ಕತ್ತಿಗಳ ವಸ್ತುಸಂಗ್ರಹಾಲಯ. ಯೊಯೊಗಿಯಲ್ಲಿದ್ದದ್ದು 2018ರಲ್ಲಿ ಇಲ್ಲಿಗೆ ಬಂತು. ನಡೆಸುವುದು 1948ರಲ್ಲಿ ಹುಟ್ಟಿದ ನಿಹೊನ್ ಬಿಜುತ್ಸು ತೋಕೆನ್ ಹೊಜೊನ್ ಕ್ಯೊಕೈ ಎಂಬ ಕತ್ತಿ ಸಂರಕ್ಷಣಾ ಸಂಘ. ಕತ್ತಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದೂ ಇದೇ ಸಂಸ್ಥೆ. ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ, ತೊಕುಬೆತ್ಸು ಜೂಯೊ ಎಂದು ಕೆಳಗಿನಿಂದ ಮೇಲಕ್ಕೆ ನಾಲ್ಕು ಹಂತ. ಜೂಯೊ ಪರೀಕ್ಷೆ ವರ್ಷಕ್ಕೊಮ್ಮೆ, ಅದರ ಮೇಲಿನದು ಎರಡು ವರ್ಷಕ್ಕೊಮ್ಮೆ. 1982ಕ್ಕಿಂತ ಹಿಂದಿನ ಕಿಚೊ, ತೊಕುಬೆತ್ಸು ಕಿಚೊ ಪತ್ರಗಳು ಈಗಲೂ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ. ದೊಡ್ಡ ಹೆಸರಿರುವ ಹಳೆಯ ಪತ್ರವನ್ನು ನಂಬಿ ದುಡ್ಡು ಕೊಡಬೇಡಿ. ಅಷ್ಟು ದೊಡ್ಡ ಕತ್ತಿಯಾಗಿದ್ದರೆ ಇಷ್ಟು ವರ್ಷಗಳಲ್ಲಿ ಹೊಸ ಪತ್ರಕ್ಕೆ ಯಾಕೆ ಕಳಿಸಲಿಲ್ಲ ಎಂದು ಮಾರುವವರನ್ನು ಕೇಳಿ.

ಕಲಿಯಲು ಕಾಂತೆಈ ಕೂಟಗಳಿಗಿಂತ ಒಳ್ಳೆಯ ಜಾಗ ಇಲ್ಲ. ಬುಡ ಮುಚ್ಚಿದ ಕತ್ತಿಗಳನ್ನು ಇಟ್ಟಿರುತ್ತಾರೆ, ನೋಡಿ ಮಾಡಿದವನ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಸರಿಯಾದರೆ ಅತಾರಿ, ಅದೇ ಪರಂಪರೆಯ ಹತ್ತಿರದವನಾದರೆ ದೋಜೆನ್, ದಾರಿ ತಪ್ಪಿದ್ದರೆ ಇಯಾ, ಮತ್ತೆ ಪ್ರಯತ್ನ. ಕೂಟಕ್ಕೆ ಹೋಗುವವರು ಉಂಗುರ, ಕೈಗಡಿಯಾರ ತೆಗೆದಿಡಬೇಕು. ಮೊದಲು ಕತ್ತಿಗೆ ತಲೆಬಾಗಬೇಕು. ಬಾಯಿ ಮೇಲೆ ಬರುವಂತೆ ಹಿಡಿದು, ಬೆನ್ನು ಒರೆಗೆ ತಾಗುತ್ತ ಒಂದೇ ಎಳೆತದಲ್ಲಿ ಹೊರತೆಗೆಯಬೇಕು. ಬಾಯಿ ಒರೆಗೆ ಉಜ್ಜಿದರೆ ಮರವೂ ಕೊರೆದುಹೋಗುತ್ತದೆ, ಅಲಗಿನ ಮೇಲೂ ಗೀರು ಬೀಳುತ್ತದೆ. ಅಲಗಿನ ಮೇಲೆ ಬಗ್ಗಿ ಮಾತಾಡಬಾರದು, ಉಗುಳಿನ ಹನಿ ಬಿದ್ದಲ್ಲಿ ತುಕ್ಕು ಏಳುತ್ತದೆ. ಅಲಗಿನ ಮೈಗೆ ಬೆರಳು ತಾಗಿಸಲೇಬಾರದು.

ಟೋಕಿಯೊದಿಂದ ಓಕಾಯಾಮಾಕ್ಕೆ ಶಿಂಕಾನ್‌ಸೆನ್‌ನಲ್ಲಿ ಮೂರು ಗಂಟೆ ಚಿಲ್ಲರೆ. ಅಲ್ಲಿಂದ ಅಕೊ ಮಾರ್ಗದ ಸಣ್ಣ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಒಸಾಫುನೆ ನಿಲ್ದಾಣದಿಂದ ಸೆತೊಉಚಿ ನಗರಸಭೆಯ ಕತ್ತಿ ವಸ್ತುಸಂಗ್ರಹಾಲಯಕ್ಕೆ ನಡೆಯುವುದು ದೂರ, ಟ್ಯಾಕ್ಸಿ ಹಿಡಿಯುವುದೇ ಸರಿ. ಯೊಶಿಈ ನದಿಯ ದಡದ ಈ ಬಯಲಿನಲ್ಲಿ ಒಂದು ಕಾಲಕ್ಕೆ ಜಪಾನಿನ ಅತಿ ಹೆಚ್ಚು ಕತ್ತಿಗಳು ತಯಾರಾಗುತ್ತಿದ್ದವು. ನದಿಯಲ್ಲೇ ಸರಕು ಬರುತ್ತಿತ್ತು, ಅದೇ ನದಿ 16ನೇ ಶತಮಾನದ ಕೊನೆಗೆ ಉಕ್ಕಿ ಕಮ್ಮಾರರ ಕೇರಿಗಳನ್ನು ಕೊಚ್ಚಿಕೊಂಡು ಹೋಯಿತು. ಹತ್ತಿರದ ಫುಕುಓಕಾ ಊರಿನ ಇಚಿಮೊಂಜಿ ಕಮ್ಮಾರರ ಕೆಲಸವೇ ಸಾನ್‌ಚೊಮೊ, 13ನೇ ಶತಮಾನದ ರಾಷ್ಟ್ರೀಯ ನಿಧಿ, 16ನೇ ಶತಮಾನದ ಸೇನಾಧಿಪತಿ ಉಎಸುಗಿ ಕೆನ್‌ಶಿನ್‌ನ ಕೈಯಲ್ಲಿದ್ದ ತಾಚಿ. 2020ರಲ್ಲಿ ಈ ಪುಟ್ಟ ನಗರ ದೇಶದ ತುಂಬ ದೇಣಿಗೆ ಎತ್ತಿ 50 ಕೋಟಿ ಯೆನ್ ಕೊಟ್ಟು ಅದನ್ನು ತನ್ನೂರಿಗೆ ತಂದುಕೊಂಡಿತು. ಆ ಕತ್ತಿಯ ಮೇಲೆ ಹೆಸರೇ ಇಲ್ಲ.

ಒಂದು ಸಂಪ್ರದಾಯವನ್ನು ಬಿಡದೆ ನೋಡುವುದಾದರೆ ಬಿಜೆನ್ ಒಳ್ಳೆಯ ಆರಂಭ. ಮಿತ್ಸುತಾದಾ, ನಾಗಾಮಿತ್ಸು, ಕಾಗೆಮಿತ್ಸು, ಕಾನೆಮಿತ್ಸು ಎಂಬ ಒಸಾಫುನೆ ಕಮ್ಮಾರರಲ್ಲಿ ತಲೆಮಾರಿನಿಂದ ತಲೆಮಾರಿಗೆ ಕೆಲಸ ಹೇಗೆ ಬದಲಾಯಿತೆಂದು ಕಣ್ಣಾರೆ ಹಿಡಿಯಬಹುದು. ಮೊದಲಿಬ್ಬರಲ್ಲಿ ಲವಂಗದ ಮೊಗ್ಗಿನ ಆಕಾರದ ಚೋಜಿ ಹಾಮೊನ್ ತುಂಬಿದೆ. ಕಾಗೆಮಿತ್ಸು ಒಂದೇ ಕಡೆಗೆ ಇಳಿಜಾರಾದ ಗರಗಸದ ಹಲ್ಲನ್ನು ತಂದ. ಹಾಮೊನ್‌ಗೂ ಬೆನ್ನಿಗೂ ನಡುವೆ ಮಸುಕು ನೆರಳಿನ ಹಾಗೆ ತೇಲುವ ಉತ್ಸುರಿ ಹಳೆಯ ಬಿಜೆನ್‌ನ ಗುರುತು. ಅದು ಕಾಣದಿದ್ದರೆ ಕೋನ ಬದಲಿಸಿ, ಸಾಧಾರಣವಾಗಿ ದೀಪದಿಂದ ಸ್ವಲ್ಪ ಆಚೆಗೆ ಓರೆ ಹಿಡಿದಾಗ ಸಿಗುತ್ತದೆ. ಒಸಾಫುನೆ ವಸ್ತುಸಂಗ್ರಹಾಲಯದ ಆವರಣದಲ್ಲೇ ಕುಲುಮೆಯಿದೆ, ಸಾಣೆ ಹಿಡಿಯುವವರು, ಒರೆ ಮಾಡುವವರು ಕೂತು ಕೆಲಸ ಮಾಡುತ್ತಾರೆ. ಅವರು ಬಳಸುವ ತಾಮಾಹಾಗಾನೆ ಉಕ್ಕು ಬರುವುದು ಶಿಮಾನೆಯ ಓಕುಇಜುಮೊದಿಂದ. ಅಲ್ಲಿ 1977ರಲ್ಲಿ ಮತ್ತೆ ಹಚ್ಚಿದ, ಉಕ್ಕು ತೆಗೆಯುವ ಮಣ್ಣಿನ ಕುಲುಮೆ ಚಳಿಗಾಲದಲ್ಲಿ ಮಾತ್ರ ಉರಿಯುತ್ತದೆ, ಒಂದು ಸಲಕ್ಕೆ ಮೂರು ಹಗಲು ಮೂರು ರಾತ್ರಿ, ಸುಮಾರು 10 ಟನ್ ಕಬ್ಬಿಣದ ಮರಳು, 12 ಟನ್ ಇದ್ದಿಲು.

ಅಂಗಡಿಯಲ್ಲಿ ಎದುರಾಗುವ ಒಸಾಫುನೆ ಕತ್ತಿಗಳಲ್ಲಿ ಸುಕೆಸಾದಾ ಎಂಬ ಹೆಸರು ಬಹಳ. ಆ ಹೆಸರನ್ನು ಹತ್ತಾರು ಕಮ್ಮಾರರು ಬಳಸಿದ್ದಾರೆ. ಯುದ್ಧಕಾಲದಲ್ಲಿ ರಾಶಿರಾಶಿ ಹೊಡೆದ ಸಾಧಾರಣ ಕತ್ತಿಗಳ ಮೇಲೆ ಸಾಮಾನ್ಯವಾಗಿ ‘ಬಿಶೂ ಒಸಾಫುನೆ ಸುಕೆಸಾದಾ’ ಎಂಬ ಚಿಕ್ಕ ಬರಹ, ಬಿಶೂ ಎಂದರೆ ಬಿಜೆನ್. ಹೇಳಿ ಮಾಡಿಸಿದ ಒಳ್ಳೆಯ ಕತ್ತಿಗಳ ಮೇಲೆ ‘ಬಿಜೆನ್ ನೊ ಕುನಿ ಜೂ’ ಎಂದು ಶುರುವಾಗಿ ಯೊಸೊಜಾಎಮೊನ್ ನೊ ಜೋ ಎಂಬಂಥ ಸ್ವಂತ ಹೆಸರೂ ಸೇರಿದ ಉದ್ದದ ಬರಹ. ಇದು ತಿಳಿದವರೇ ನಕಲಿ ಉದ್ದ ಬರಹ ಕೆತ್ತುವುದೂ ಇದೆ. ಆದ್ದರಿಂದ ಕೆಲಸ ಮೊದಲು, ಬರಹ ಆಮೇಲೆ.

ಟೋಕಿಯೊಗೆ ಮರಳಿ ಅಂಗಡಿಗೆ ಹೋದಾಗ ಹಿಡಿಯನ್ನು ಅಲಗಿಗೆ ಸಿಕ್ಕಿಸುವ ಬಿದಿರಿನ ಮೆಕುಗಿ ಮೊಳೆ ತೆಗೆಸಿ ಬುಡ ನೋಡಲು ಕೇಳಿ. ಖರೀದಿಗೆ ಬಂದವರು ಹಾಗೆ ಕೇಳುವುದು ವಾಡಿಕೆ. ಅಲಗಿನ ಮೇಲೆ ಹುಡುಕಬೇಕಾದ ಮೊದಲ ರೋಗ ಹಾಗಿರೆ, ಬಾಯಿಯಿಂದ ಅಡ್ಡಕ್ಕೆ ಹೊರಟ ಕೂದಲೆಳೆ ಬಿರುಕು. ಗೀರಿಗೂ ಇದಕ್ಕೂ ವ್ಯತ್ಯಾಸವಿದೆ. ಗೀರು ಬೆಳಕಿನ ದಿಕ್ಕು ಬದಲಾದಾಗ ಮಾಯವಾಗುತ್ತದೆ, ಬಿರುಕು ಕಪ್ಪಾಗಿಯೇ ಉಳಿಯುತ್ತದೆ. ಇದಕ್ಕೆ ಔಷಧಿಯಿಲ್ಲ, ಕತ್ತಿ ಅಲ್ಲೇ ಮುರಿಯುತ್ತದೆ. ಮೊನೆಯಲ್ಲಿ ಹದದ ಗೆರೆ ತುದಿಯಿಂದ ತಿರುಗಿ ಬರದೆ ಬಾಯಿಗೇ ಹರಿದುಹೋಗಿದ್ದರೆ ಮೊನೆ ಮುರಿದು ಮತ್ತೆ ತಿದ್ದಿದ್ದಾರೆ ಎಂದರ್ಥ, ಅದನ್ನೂ ಬಿಡಿ. ಬುಡದ ಹತ್ತಿರ ಬಾಯಿಯಿಂದ ಓರೆಯಾಗಿ ಏಳುವ ಮಸುಕು ಪಟ್ಟಿ ಮಿಜುಕಾಗೆ. ಬೆಂಕಿಗೆ ಸಿಕ್ಕ ಕತ್ತಿಗೆ ಮತ್ತೆ ಹದ ಹಾಕಿದಾಗ ಬರುವುದು ಸಾಮಾನ್ಯವಾಗಿ ಇದೇ, ಆದರೆ ಕೆಲವು ಕಮ್ಮಾರರ ಕೆಲಸದಲ್ಲಿ ಸಹಜವಾಗಿಯೂ ಇರುತ್ತದೆ, ಅದರೊಂದರಿಂದಲೇ ತೀರ್ಮಾನ ಬೇಡ. ಪದರ ಬಿಟ್ಟ ವಾರೆ, ಗುಳ್ಳೆಯೆದ್ದ ಫುಕುರೆ ಹಳೆಯ ಕತ್ತಿಯಲ್ಲಿ ಇದ್ದರೆ ಬೆಲೆ ಇಳಿಸಬಹುದು, ಬಿಡಲೇಬೇಕೆಂದಿಲ್ಲ.

ಬುಡದ ತುಕ್ಕು ಕಪ್ಪು ಕಂದು ಬಣ್ಣದಲ್ಲಿ ಒತ್ತಾಗಿ, ಕೆತ್ತಿದ ಅಕ್ಷರದ ಒಳಗೂ ಹೊರಗೂ ಒಂದೇ ಸಮ ಇರಬೇಕು. ಅಕ್ಷರದೊಳಗೆ ಮಾತ್ರ ಎಳೆಯ ತುಕ್ಕಿದ್ದರೆ ಅನುಮಾನ ಪಡಿ. ಈ ತುಕ್ಕನ್ನು ಯಾವತ್ತೂ ಉಜ್ಜಬೇಡಿ, ವಯಸ್ಸಿನ ಸಾಕ್ಷಿ ಅದು, ಒಮ್ಮೆ ಹೋದರೆ ಕತ್ತಿಯ ಬೆಲೆಯ ಬಹುಪಾಲು ಹೋಯಿತು. ಹೆಸರಿಲ್ಲದ ಬುಡ ಕಂಡರೆ ಮುಖ ತಿರುಗಿಸುವವರಿದ್ದಾರೆ. ಉದ್ದದ ತಾಚಿಗಳನ್ನು ಮುಂದಿನ ಕಾಲದವರು ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು, ಹೆಸರು ಆ ತುಂಡಿನ ಜೊತೆ ಹೋಯಿತು. ಅಂಥ ಕತ್ತಿಗಳು ಜೂಯೊ ಹಂತದಲ್ಲೇ ಬೇಕಾದಷ್ಟಿವೆ. ಮಾಸಾಮುನೆ, ಕೊತೆತ್ಸು ಎಂಬ ಖ್ಯಾತ ಕಮ್ಮಾರರ ಹೆಸರಿರುವ ಅಗ್ಗದ ಕತ್ತಿಗಿಂತ ಹೆಸರಿಲ್ಲದ ಪ್ರಾಮಾಣಿಕ ಕತ್ತಿಯನ್ನೇ ನಾವು ಆರಿಸುತ್ತೇವೆ. ಸಾಣೆ ಹಿಡಿಸಿದರೆ ಚೆನ್ನಾಗುತ್ತದೆ ಎಂಬ ಮಾತಿಗೂ ಮರುಳಾಗಬೇಡಿ. ಸಾಣೆಯ ಕೂಲಿ ಸುನ್ ಲೆಕ್ಕದಲ್ಲಿ, ಅಂದರೆ 3.03 ಸೆಂಟಿಮೀಟರಿಗೆ ಇಷ್ಟು ಎಂದು. ಸಾಧಾರಣ ಕತ್ತಿಯ ಬೆಲೆಯನ್ನೇ ಅದು ಮೀರಬಹುದು. ಪ್ರತಿ ಸಾಣೆಗೂ ಮೇಲಿನ ಉಕ್ಕು ಸವೆದು ಒಳಗಿನ ಮೆದು ಕಬ್ಬಿಣ ಹೊರಬರುವ ದಿನ ಹತ್ತಿರವಾಗುತ್ತದೆ.

ಜಪಾನಿನಲ್ಲಿ ಪ್ರತಿ ಕತ್ತಿಯ ಜೊತೆಗೂ ತೊರೊಕುಶೊ ಎಂಬ ನೋಂದಣಿ ಚೀಟಿ ಇರಲೇಬೇಕು. ಉದ್ದ, ಬಾಗು, ಮೊಳೆತೂತುಗಳ ಸಂಖ್ಯೆ, ಬರಹ ಚೀಟಿಗೂ ಕತ್ತಿಗೂ ತಾಳೆಯಾಗುತ್ತವೆಯೇ ಎಂದು ಅಂಗಡಿಯಲ್ಲೇ ಅಳೆದು ನೋಡಿ. ಅಲ್ಲಿ ನೆಲೆಸಿರುವ ಕನ್ನಡಿಗರು ಕೊಂಡರೆ ಚೀಟಿ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ 20 ದಿನದೊಳಗೆ ತಿಳಿಸಬೇಕು. ಹೊರದೇಶಕ್ಕೆ ಒಯ್ಯುವುದಾದರೆ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಯ ರಫ್ತು ಪ್ರಮಾಣಪತ್ರ ಬೇಕು, ಚೀಟಿಯನ್ನು ಹಿಂದಿರುಗಿಸಬೇಕು. ಇದಕ್ಕೆ ವಾರಗಳು ಹಿಡಿಯುವುದರಿಂದ ಕೊಂಡ ಕತ್ತಿಯನ್ನು ಅದೇ ಪ್ರವಾಸದಲ್ಲಿ ಚೀಲಕ್ಕೆ ಹಾಕಿಕೊಂಡು ಬರುವ ಮಾತಿಲ್ಲ. ಜೂಯೊ ಎಂಬುದು ಸಂಘದ ಶ್ರೇಣಿ, ಸರ್ಕಾರದ್ದಲ್ಲ, ಹಾಗಾಗಿ ಅದಕ್ಕೆ ರಫ್ತು ತಡೆಯಿಲ್ಲ. ರಾಷ್ಟ್ರೀಯ ನಿಧಿ ಮತ್ತು ಮುಖ್ಯ ಸಾಂಸ್ಕೃತಿಕ ಆಸ್ತಿ ದೇಶ ಬಿಡುವಂತಿಲ್ಲ.

ಬೆಂಗಳೂರಿಗೆ ತರುವ ಆಸೆಯಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅಡ್ಡ ನಿಲ್ಲುತ್ತದೆ. ಕತ್ತಿಯನ್ನು ದೇಶದೊಳಗೆ ತರಲು ಪರವಾನಗಿ ಬೇಕು, ಹಳೆಯದು, ಕಲಾವಸ್ತು ಎಂದ ಮಾತ್ರಕ್ಕೆ ವಿನಾಯಿತಿ ಸಿಗುತ್ತದೆಂದು ಭಾವಿಸಬೇಡಿ. ಪರವಾನಗಿ ಕೈಗೆ ಬರುವ ಮೊದಲು ಮುಂಗಡ ಕೊಡಬೇಡಿ. ಆ ತಾಪತ್ರಯ ಬೇಡವೆನ್ನುವವರಿಗೆ ಕತ್ತಿಯ ಕೈಕಾಪು ತ್ಸುಬಾ ಒಳ್ಳೆಯ ದಾರಿ. ಅಲಗಿಲ್ಲ, ತೊರೊಕುಶೊ ಬೇಕಿಲ್ಲ, ಅದೇ ಸಂಘ ಇದಕ್ಕೂ ಪತ್ರ ಕೊಡುತ್ತದೆ. ಕತಾನದ್ದು ಸಾಮಾನ್ಯವಾಗಿ 7ರಿಂದ 8.5 ಸೆಂಟಿಮೀಟರ್ ಅಡ್ಡಳತೆ. ನಡುವಿನ ತೂತಿನ ಅಂಚಿನಲ್ಲಿ ಕೂರಿಸಿದ ಗುರುತು, ತಾಮ್ರದ ಸೆಕಿಗಾನೆ ತುಂಡುಗಳಿದ್ದರೆ ನಿಜವಾಗಿ ಕತ್ತಿಯ ಮೇಲಿತ್ತೆಂಬ ಸುಳಿವು. ಕೊರೆದ ತೂತುಗಳ ಒಳಗೋಡೆಯಲ್ಲಿ ಅಚ್ಚಿನ ಗೆರೆ ಅಥವಾ ಮೈಮೇಲೆ ಸೂಜಿಮೊನೆಯಂಥ ಗುಳಿಗಳು ಕಂಡರೆ ಅದು ಎರಕದ ನಕಲು. ಕಬ್ಬಿಣದ ತ್ಸುಬಾಕ್ಕೆ ಎಣ್ಣೆ ಬಳಿಯಬೇಡಿ, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಆಗಾಗ ಒರೆಸಿದರೆ ಸಾಕು. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ಬದಲಾದಾಗ ಬದಲಾಯಿಸುತ್ತಿರಿ.