ಮೊದಲ ಹೋಂ ಥಿಯೇಟರ್: ವಾಟ್ ಕೇಳುವ ಮುನ್ನ ಸೋಫಾ ಎಲ್ಲಿದೆ ನೋಡಿ

ಮೈಸೂರು ಮತ್ತು ಬೆಂಗಳೂರಿನ ಮನೆಗಳಲ್ಲಿ ಹೋಂ ಥಿಯೇಟರ್ ಅಳವಡಿಸುವುದು ಹಲವು ವರ್ಷಗಳಿಂದ ನನ್ನ ವೃತ್ತಿ. ಮೊದಲ ಬಾರಿ ಕೊಳ್ಳುವವರು ಫೋನ್ ಮಾಡಿದರೆ ಮಾತು ಶುರುವಾಗುವುದೇ "ಎಷ್ಟು ವಾಟ್ ತಗೊಂಡ್ರೆ ಸಾಕು ಸಾರ್?" ಎಂಬಲ್ಲಿಂದ. ಉತ್ತರ ಕೊಡುವ ಮೊದಲು ನಾನು ಟಿವಿಗೂ ಸೋಫಾಗೂ ಎಷ್ಟು ಅಡಿ ಅಂತರ, ಸೋಫಾದ ಬೆನ್ನು ಗೋಡೆಗೆ ತಾಗಿದೆಯೇ, ಹಾಲ್‌ನ ಒಂದು ಬದಿ ಊಟದ ಜಾಗಕ್ಕೆ ತೆರೆದುಕೊಂಡಿದೆಯೇ ಎಂದು ವಿಚಾರಿಸುತ್ತೇನೆ. ಕೆಲವರಿಗೆ ಇದು ಅನಗತ್ಯ ವಿಚಾರಣೆ ಎನಿಸುತ್ತದೆ. ಆದರೆ ಕೋಣೆ ಮತ್ತು ಕೂರುವ ಜಾಗ ಗೊತ್ತಾದ ಮೇಲೆ ಸ್ಪೀಕರ್, ಸ್ಪೀಕರ್ ಗೊತ್ತಾದ ಮೇಲೆ ಆಂಪ್ಲಿಫೈಯರ್ ಎಂಬ ಕ್ರಮದಲ್ಲಿ ಹೋದರೆ ವಾಟ್‌ನ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ವಾಟ್‌ನ ಮೇಲಿನ ಮೋಹಕ್ಕೆ ಹಳೆಯ ಹಿನ್ನೆಲೆಯಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಂಗೈಯಗಲದ ಸ್ಪೀಕರ್‌ಗಳ ಮೇಲೂ ಸಾವಿರಾರು ವಾಟ್ ಪಿಎಂಪಿಒ ಎಂಬ ಸ್ಟಿಕರ್ ಮಿನುಗುತ್ತಿದ್ದ ಕಾಲವನ್ನು ಅನೇಕರು ಕಂಡಿದ್ದಾರೆ. ಆ ಅಂಕಿಯನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇರಲಿಲ್ಲವಾದ್ದರಿಂದ ಬರೆದವನ ಧೈರ್ಯವೇ ಅದರ ಮಿತಿಯಾಗಿತ್ತು. ಆಂಪ್ಲಿಫೈಯರ್ ಅನ್ನು ಒಳಗೊಂಡು, ಟಿವಿಯನ್ನೂ ಸ್ಪೀಕರ್‌ಗಳನ್ನೂ ಜೋಡಿಸುವ ಇಂದಿನ ಎವಿ ರಿಸೀವರ್‌ಗಳ ಪೆಟ್ಟಿಗೆಯ ಮೇಲಿನ ಅಂಕಿ ಅಷ್ಟು ಕೆಟ್ಟದ್ದಲ್ಲ, ಆದರೂ ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಓದಲೇಬೇಕು. "150 ವಾಟ್" ಎಂಬುದು ಒಂದೇ ಚಾನೆಲ್‌ಗೆ (ಅಂದರೆ ಒಂದು ಸ್ಪೀಕರ್‌ನ ಸಾಲಿಗೆ), 6 ಓಮ್ ತಡೆಯ ಸ್ಪೀಕರ್‌ಗೆ, 1 ಕಿಲೋಹರ್ಟ್ಸ್‌ನಲ್ಲಿ, ಶೇ. 10ರಷ್ಟು ಧ್ವನಿ ವಿಕೃತಿಯನ್ನು ಒಪ್ಪಿಕೊಂಡು ಕೊಟ್ಟ ಲೆಕ್ಕವಾಗಿದ್ದರೆ, ಅದೇ ಯಂತ್ರ 8 ಓಮ್‌ನಲ್ಲಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ ದುಡಿಯುವಾಗ ಶುದ್ಧವಾಗಿ ಕೊಡುವುದು 80 ವಾಟ್ ಇರಬಹುದು. ನಾನು ನೋಡುವುದು ಈ ಎರಡನೆಯ ಸಾಲನ್ನು ಮಾತ್ರ. ಆ ಸಾಲು ಎಲ್ಲಿಯೂ ಮುದ್ರಣಗೊಂಡಿಲ್ಲದಿದ್ದರೆ ಆ ಯಂತ್ರವನ್ನು ಗ್ರಾಹಕರಿಗೆ ಸೂಚಿಸುವುದಿಲ್ಲ.

ಇನ್ನು ಸ್ಪೀಕರ್‌ನ ವಿಷಯ. ಅದರ ವಿವರಪಟ್ಟಿಯಲ್ಲಿ ಕೊಳ್ಳುವವರು ಗಮನಿಸದೆ ದಾಟಿಬಿಡುವ ಸೆನ್ಸಿಟಿವಿಟಿ ಎಂಬ ಅಂಕಿಯೇ ಆಂಪ್ಲಿಫೈಯರ್‌ನ ಗಾತ್ರವನ್ನು ನಿರ್ಧರಿಸುತ್ತದೆ. 88 ಡೆಸಿಬಲ್ ಎಂದು ಬರೆದಿದ್ದರೆ, 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಶಬ್ದ ಎಂದರ್ಥ. 3 ಮೀಟರ್ ದೂರದ, ಅಂದರೆ ಸುಮಾರು ಹತ್ತಡಿ ಆಚೆಯ ಸೋಫಾಗೆ ಬರುವಷ್ಟರಲ್ಲಿ, ಗೋಡೆಗಳಿಂದ ಮರಳುವ ಶಬ್ದವನ್ನು ಬಿಟ್ಟು ಲೆಕ್ಕ ಹಾಕಿದರೆ, ಅದು ಒಂಬತ್ತೂವರೆ ಡೆಸಿಬಲ್ ಇಳಿದು 78.5 ಆಗುತ್ತದೆ. ಸಿನಿಮಾದಲ್ಲಿ ಕ್ಷಣಮಾತ್ರ ಬಂದುಹೋಗುವ ಗುಡುಗು, ಸ್ಫೋಟ 95 ಡೆಸಿಬಲ್ ಮುಟ್ಟಬೇಕಾದರೆ ಇನ್ನೂ 16.5 ಬೇಕು. ಪ್ರತಿ 3 ಡೆಸಿಬಲ್‌ಗೆ ವಾಟ್ ದುಪ್ಪಟ್ಟಾಗಬೇಕಾದ್ದರಿಂದ ಅದು ಸುಮಾರು 45 ವಾಟ್. ಇದೇ ಜಾಗದಲ್ಲಿ 84 ಡೆಸಿಬಲ್‌ನ ಚಿಕ್ಕ ಸ್ಪೀಕರ್ ಇಟ್ಟರೆ 110 ವಾಟ್ ದಾಟುತ್ತದೆ. 91 ಡೆಸಿಬಲ್‌ನದಕ್ಕೆ 22–23 ವಾಟ್ ಸಾಕು. ಒಂದೇ ಸೋಫಾ, ಒಂದೇ ಸಿನಿಮಾ, ಆದರೆ ವಿದ್ಯುತ್ತಿನ ಬೇಡಿಕೆಯಲ್ಲಿ ಐದು ಪಟ್ಟು ವ್ಯತ್ಯಾಸ. ಅದೇ ವೇಳೆ, 80 ವಾಟ್‌ನ ರಿಸೀವರ್ ಬಿಟ್ಟು 100 ವಾಟ್‌ನದನ್ನು ಕೊಂಡರೆ ಹೆಚ್ಚುವುದು ಕೇವಲ 1 ಡೆಸಿಬಲ್. ಅದಕ್ಕೆ ತೆರುವ ಹೆಚ್ಚುವರಿ ಹಣದಲ್ಲಿ ಎಷ್ಟೋ ಸಲ ಟಿವಿಯ ಬಳಿ ನಡುವೆ ಇಡುವ ಸೆಂಟರ್ ಸ್ಪೀಕರ್ ಇನ್ನೂ ಉತ್ತಮವಾದದ್ದು ಬರುತ್ತದೆ.

ಚಿತ್ರಮಂದಿರದ ಮಾನದಂಡದಲ್ಲಿ ಮುಂಭಾಗದ ಪ್ರತಿ ಚಾನೆಲ್‌ನ ಗರಿಷ್ಠ ಮಟ್ಟ 105 ಡೆಸಿಬಲ್. ಮನೆಯಲ್ಲೂ ಅದೇ ಬೇಕೆನ್ನುವವರು ಮೇಲಿನ ವಾಟ್‌ಗಳನ್ನೆಲ್ಲ ಹತ್ತರಿಂದ ಗುಣಿಸಿಕೊಳ್ಳಬೇಕಾಗುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ನಾನು ಆ ಮಾತನ್ನೇ ಎತ್ತುವುದಿಲ್ಲ.

ವಾಟ್ ಕಡಿಮೆಯಾದರೆ ಸ್ಪೀಕರ್ ಸುರಕ್ಷಿತ ಎಂಬ ನಂಬಿಕೆಯೂ ಬಲವಾಗಿದೆ. ಚಿಕ್ಕ ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ದುಡಿಯುವಾಗ ಧ್ವನಿತರಂಗದ ನೆತ್ತಿ ಕತ್ತರಿಸಿದಂತಾಗುತ್ತದೆ; ಇದನ್ನೇ ಕ್ಲಿಪ್ಪಿಂಗ್ ಎನ್ನುತ್ತೇವೆ. ಆಗ ಹುಟ್ಟುವ ಹೆಚ್ಚುವರಿ ಎತ್ತರದ ಸ್ವರಗಳು ನೇರವಾಗಿ ಟ್ವೀಟರ್‌ಗೆ, ಅಂದರೆ ಸ್ಪೀಕರ್‌ನಲ್ಲಿ ಎತ್ತರದ ಸ್ವರ ನುಡಿಸುವ ಚಿಕ್ಕ ಭಾಗಕ್ಕೆ, ಹೋಗಿ ಅದರ ಸೂಕ್ಷ್ಮ ಸುರುಳಿಯನ್ನು ಸುಡುತ್ತವೆ. ನನ್ನ ಬಳಿ ರಿಪೇರಿಗೆ ಬರುವ ಟ್ವೀಟರ್‌ಗಳಲ್ಲಿ ಹೆಚ್ಚಿನವು ಹೀಗೆ ಹೋದವು, ಅದೂ ಹಬ್ಬ, ಹುಟ್ಟುಹಬ್ಬಗಳ ಮರುದಿನ. 4 ಓಮ್‌ನ ಸ್ಪೀಕರ್‌ಗಳು ರಿಸೀವರ್‌ನಿಂದ ಹೆಚ್ಚು ಕರೆಂಟ್ ಎಳೆಯುವುದರಿಂದ, ಮೊದಲ ಸೆಟ್‌ಗೆ 6 ಅಥವಾ 8 ಓಮ್‌ನವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಹಣವನ್ನು ಎಲ್ಲಿ ಹೆಚ್ಚು ಹಾಕಬೇಕೆಂದು ಕೇಳಿದರೆ, ಎದುರಿನ ಮೂರು ಸ್ಪೀಕರ್‌ಗಳಿಗೆ, ಅದರಲ್ಲೂ ಸೆಂಟರ್‌ಗೆ ಎನ್ನುತ್ತೇನೆ. ಸಿನಿಮಾದ ಸಂಭಾಷಣೆ ಬಹುಪಾಲು ಬರುವುದು ಅದೊಂದರಿಂದಲೇ. ಮೂರೂ ಒಂದೇ ಸರಣಿಯವಾಗಿದ್ದರೆ, ಎಡದಿಂದ ಬಲಕ್ಕೆ ನಡೆದುಹೋಗುವ ಪಾತ್ರದ ದನಿ ಮಧ್ಯದಲ್ಲಿ ಬಣ್ಣ ಬದಲಿಸುವುದಿಲ್ಲ. ಕುವೆಂಪುನಗರದ ಒಂದು ಮನೆಯಲ್ಲಿ ಬೇರೆಯವರು ಅಳವಡಿಸಿದ್ದ ಸೆಟ್ ನೋಡಲು ಕರೆದಿದ್ದರು. ಮನೆಯ ಹಿರಿಯಮ್ಮ ನನ್ನನ್ನು ಕಂಡೊಡನೆ, "ಗುಡುಗು ಸಿಡಿಲೆಲ್ಲ ಚೆನ್ನಾಗಿ ಬರುತ್ತಪ್ಪಾ, ಮಾತು ಮಾತ್ರ ಒಂದೂ ತಿಳಿಯಲ್ಲ" ಎಂದರು. ಮಗ ದೊಡ್ಡ ಆಂಪ್ಲಿಫೈಯರ್ ತರಿಸುವ ಯೋಚನೆಯಲ್ಲಿದ್ದರು. ಸೆಂಟರ್ ಸ್ಪೀಕರ್ ಟಿವಿ ಯೂನಿಟ್‌ನ ಕೆಳಗಿನ ಗೂಡಿನಲ್ಲಿ ಒಂದು ಗೇಣು ಒಳಗೆ, ಸೆಟ್‌ಟಾಪ್ ಬಾಕ್ಸ್ ಮತ್ತು ಫೋಟೋ ಫ್ರೇಮ್‌ಗಳ ನಡುವೆ, ವೀಕ್ಷಕರ ಮೊಣಕಾಲಿಗೆ ಗುರಿಯಿಟ್ಟು ಕೂತಿತ್ತು. ಅದನ್ನು ಗೂಡಿನ ಅಂಚಿನವರೆಗೆ ಎಳೆದು, ಮುಂಭಾಗದ ಅಡಿಗೆ ಎರಡು ರಬ್ಬರ್ ಬಿಲ್ಲೆ ಕೊಟ್ಟು ಕಿವಿಯ ಎತ್ತರಕ್ಕೆ ವಾಲಿಸಿ, ರಿಸೀವರ್‌ನ ಮೆನುವಿನಲ್ಲಿ ಸೆಂಟರ್ ಮಟ್ಟವನ್ನು 2 ಡೆಸಿಬಲ್ ಏರಿಸಿದೆವು. ಅಂದು ಹೊಸದಾಗಿ ಕೊಂಡದ್ದು ಆ ಬಿಲ್ಲೆಗಳನ್ನು ಮಾತ್ರ.

ನಮ್ಮ ಮನೆಗಳ ಕಟ್ಟೋಣವೂ ಈ ಲೆಕ್ಕದಲ್ಲಿ ಸೇರುತ್ತದೆ. ಮರದ ಚೌಕಟ್ಟು ಮತ್ತು ಜಿಪ್ಸಮ್ ಹಲಗೆಯ ಅಮೆರಿಕದ ಗೋಡೆಗಳು ತಗ್ಗು ಸ್ವರವನ್ನು ಒಂದಿಷ್ಟು ಹೊರಬಿಡುತ್ತವೆ, ಒಂದಿಷ್ಟು ಹೀರುತ್ತವೆ. ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ವಿಟ್ರಿಫೈಡ್ ಟೈಲ್ ಅಥವಾ ಗ್ರಾನೈಟ್ ನೆಲದ ನಮ್ಮ ಹಾಲ್ ಎಲ್ಲವನ್ನೂ ಒಳಗೇ ತಿರುಗಿಸಿ ಕಳುಹಿಸುತ್ತದೆ. ಹನ್ನೆರಡು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಸ್ವರ ಅನುರಣಿಸಿ ಉಬ್ಬುತ್ತದೆ: ಗೋಡೆಗೊರಗಿ ಕೂತವರಿಗೆ ಅದು ಅತಿಯಾಗಿ, ಕೋಣೆಯ ನಟ್ಟನಡುವೆ ಕೂತವರಿಗೆ ಇಲ್ಲವೆಂಬಂತೆ ಕೇಳುತ್ತದೆ. ಆದ್ದರಿಂದ ಬೇಸ್, ಅಂದರೆ ತಗ್ಗು ಸ್ವರಗಳನ್ನು ಮಾತ್ರ ನುಡಿಸುವ ಸಬ್‌ವೂಫರ್‌ಗೆ ಮೂಲೆಯನ್ನು ಮೊದಲೇ ನಿಗದಿ ಮಾಡುವುದು ಸರಿಯಲ್ಲ. ಅದನ್ನು ತಾತ್ಕಾಲಿಕವಾಗಿ ಸೋಫಾದ ಮೇಲೆ, ನಾವು ಕೂರುವ ಕಡೆ ಇಟ್ಟು, ಪರಿಚಿತವಾದೊಂದು ಬೇಸ್ ಹೆಚ್ಚಿರುವ ಹಾಡು ಹಾಕಿ, ಗೋಡೆಯಂಚಿನಲ್ಲಿ ಮಂಡಿಯೂರಿ ಸರಿಯುತ್ತ ಬೇಸ್ ಎಲ್ಲಿ ಸಮವಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡುವುದು ಹಳೆಯ, ನಂಬಬಹುದಾದ ಉಪಾಯ. ಮನೆಯವರು ನಗುತ್ತಾರೆ, ನಗಲಿ. ಟೈಲ್‌ನ ಮೇಲೊಂದು ದಪ್ಪ ಜಮಖಾನೆ, ಕಿಟಕಿಗೆ ಭಾರವಾದ ಪರದೆ ಬಿದ್ದರೆ ಮಾತಿನ ಸ್ಪಷ್ಟತೆ ಹೆಚ್ಚುತ್ತದೆಯೇ ಹೊರತು, 47 ಹರ್ಟ್ಸ್‌ನ ತೊಂದರೆ ಅವುಗಳಿಂದ ನೀಗುವುದಿಲ್ಲ. ರಿಸೀವರ್ ಜೊತೆ ಬರುವ ಮೈಕ್‌ನಿಂದ ಕೋಣೆಯ ಧ್ವನಿಯನ್ನು ಅಳೆದು ಮಾಡುವ ಆಡಿಸ್ಸಿ, ವೈಪಿಎಒ, ಡಿರಾಕ್‌ನಂಥ ತಿದ್ದುಪಡಿಗಳು ಉಬ್ಬನ್ನು ತಗ್ಗಿಸಬಲ್ಲವು, ಆದರೆ ಬೇಸ್ ಪೂರ್ತಿ ಇಂಗಿಹೋದ ಜಾಗವನ್ನು ತುಂಬಲಾರವು.

ಸಬ್‌ವೂಫರ್‌ಗಳಲ್ಲಿ ಸಾಮಾನ್ಯವಾಗಿ ಸ್ವಂತ ಆಂಪ್ಲಿಫೈಯರ್ ಇರುತ್ತದೆ. ಉಳಿದ ಸ್ಪೀಕರ್‌ಗಳನ್ನೆಲ್ಲ ರಿಸೀವರ್‌ನ ಮೆನುವಿನಲ್ಲಿ "ಸ್ಮಾಲ್" ಎಂದು ನಿಗದಿಪಡಿಸಿ, ಸ್ವರಗಳು ಸ್ಪೀಕರ್‌ಗೂ ಸಬ್‌ವೂಫರ್‌ಗೂ ಹಂಚಿಹೋಗುವ ಗಡಿಯಾದ ಕ್ರಾಸ್‌ಓವರ್ ಅನ್ನು 80 ಹರ್ಟ್ಸ್‌ಗೆ ಇಟ್ಟರೆ, ಹೆಚ್ಚು ವಿದ್ಯುತ್ ಬೇಡುವ ತಗ್ಗು ಸ್ವರಗಳ ಹೊರೆ ರಿಸೀವರ್‌ನ ತಲೆಯಿಂದ ಇಳಿಯುತ್ತದೆ. 80 ವಾಟ್‌ನ ಸಾಧಾರಣ ರಿಸೀವರ್ ಹನ್ನೆರಡು–ಹದಿನಾರು ಅಡಿಯ ಹಾಲ್‌ಗೆ ಸಲೀಸಾಗಿ ಸಾಲುವುದಕ್ಕೆ ಇದೂ ಒಂದು ಕಾರಣ.

ಬಜೆಟ್ ಬಿಗಿಯಾಗಿದ್ದವರಿಗೆ ನಾನು ಮೊದಲ ವರ್ಷ 3.1 ಸಾಕೆನ್ನುತ್ತೇನೆ: ಎದುರಿನ ಮೂರು ಮತ್ತು ಒಂದು ಸಬ್‌ವೂಫರ್. ಒಂದೇ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಐದು ಸ್ಪೀಕರ್‌ಗಳಿಗಿಂತ ಇದು ಎಷ್ಟೋ ಮೇಲು. ಹಿಂದಿನ ಎರಡು ಆಮೇಲೆ ಬಂದಾಗ ಅವು ಕಿವಿಯ ನೇರಕ್ಕಿಂತ ತುಸು ಹಿಂದೆ, ಕೂತ ಜಾಗದಿಂದ ನೋಡಿದರೆ ಸೆಂಟರ್‌ನಿಂದ ಸುಮಾರು 110 ಡಿಗ್ರಿಯಲ್ಲಿರಬೇಕು. ಸೋಫಾ ಗೋಡೆಗಂಟಿದ್ದರೆ ಒಂದಡಿಯಾದರೂ ಮುಂದೆ ಸರಿಸಲು ಕೇಳಿಕೊಳ್ಳುತ್ತೇನೆ. ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ಅಟ್ಮಾಸ್‌ನ ಸೀಲಿಂಗ್ ಸ್ಪೀಕರ್‌ಗಳ ಮಾತು ಅದರ ನಂತರದ್ದು.

ಹೊಸ ಮನೆ ಕಟ್ಟಿಸುತ್ತಿರುವವರು ಮಾತ್ರ ಅಟ್ಮಾಸ್ ಬೇಡವೆಂದು ತೀರ್ಮಾನಿಸಿದ್ದರೂ ಅದರ ಪೈಪನ್ನು ಹಾಕಿಸಿಬಿಡಬೇಕು. ಪ್ಲಾಸ್ಟರಿಂಗ್‌ಗೆ ಮೊದಲು ಟಿವಿ ಗೋಡೆಯಿಂದ ಸೋಫಾದ ಹಿಂದಿನ ಎರಡು ಬದಿಗೆ ಮತ್ತು ಸೀಲಿಂಗ್‌ಗೆ ಬೇರೆಯದೇ ಪಿವಿಸಿ ಪೈಪ್ ಎಳೆಸಿ, ಅದರಲ್ಲಿ ಎಳೆದಾಟಕ್ಕೊಂದು ತಂತಿ ಬಿಟ್ಟಿರುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಬೇಕು. ಸ್ಪೀಕರ್ ವೈರ್ 230 ವೋಲ್ಟ್ ಲೈನ್‌ನ ಪೈಪಿನೊಳಗೆ ಹೋಗಕೂಡದು. ಈ ಉದ್ದಗಳಿಗೆ 16 ಗೇಜ್‌ನ ಅಪ್ಪಟ ತಾಮ್ರದ ವೈರ್ ಸಾಕು, ದೂರ ಹೆಚ್ಚಿದ್ದರೆ ಅದಕ್ಕಿಂತ ದಪ್ಪನೆಯ 14 ಗೇಜ್. ಟಿವಿ ಗೋಡೆಯ ಸಾಕೆಟ್‌ಗೆ ಅರ್ಥಿಂಗ್ ನಿಜವಾಗಿಯೂ ಬಂದಿದೆಯೇ ಎಂಬುದನ್ನು ಬಣ್ಣ ಬಳಿಯುವ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಸಬ್‌ವೂಫರ್‌ನಿಂದ ಸದಾ ಗುಂಯ್‌ಗುಡುವ ಸದ್ದು ಬರುತ್ತಿದೆ ಎಂದು ಕರೆ ಬಂದಾಗ ನಾನು ಮೊದಲು ತೆರೆಯುವುದು ಆ ಸಾಕೆಟ್‌ನ ಮುಚ್ಚಳವನ್ನೇ.