ಮುಳ್ಳು ನೋಡಿದರೆ ಮೀನು ಯಾವುದೆಂದು ತಿಳಿಯುವುದಿಲ್ಲವೇ?

ಉತ್ಖನನದಲ್ಲಿ ಸಿಕ್ಕ ಮೀನಿನ ಮೂಳೆಗಳ ಡಿಎನ್‌ಎ ತೆಗೆಯುತ್ತೇವೆ ಎಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: "ಮುಳ್ಳು ನೋಡಿಯೇ ಹೇಳಬಹುದಲ್ಲ, ಇಷ್ಟೆಲ್ಲ ಯಾಕೆ?"

ಎಷ್ಟೋ ಸಲ ನೋಡಿಯೇ ಹೇಳಬಹುದು. ದವಡೆಯೋ ತಲೆಯ ಬೇರೆ ಮೂಳೆಯೋ ಸಿಕ್ಕಿ, ಹೋಲಿಸಲು ಗುರುತಿರುವ ಅಸ್ಥಿಪಂಜರ ಪಕ್ಕದಲ್ಲಿದ್ದರೆ ಡಿಎನ್‌ಎ ದಂಡ. ತೊಡಕಾಗುವುದು ಬೆನ್ನುಮೂಳೆಯ ಮಣಿಗಳಲ್ಲಿ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಉತ್ಖನನ ನಡೆದ ನಾಮು ಎಂಬ ಹಳೆಯ ನೆಲೆಯನ್ನೇ ನೋಡಿ. ಪಿಂಕ್, ಚಮ್, ಸಾಕೈ, ಕೋಹೋ, ಚಿನೂಕ್: ಈ ಐದು ಜಾತಿಯ ಸಾಲ್ಮನ್ ಮೀನುಗಳ ಮಣಿಗಳನ್ನು ಕಣ್ಣಳತೆಯಲ್ಲಿ ಬೇರ್ಪಡಿಸುವುದು ಆಗದ ಮಾತು. ಎಕ್ಸ್‌-ರೇಯಲ್ಲಿ ಮಣಿಯ ಬೆಳವಣಿಗೆಯ ಉಂಗುರ ಎಣಿಸಿದರೆ ವಯಸ್ಸು ಸಿಗುತ್ತದೆ, ಜಾತಿ ಮಾತ್ರ ಊಹೆ. ಸಂಶೋಧಕರಾದ ಆಬ್ರಿ ಕ್ಯಾನನ್ ಮತ್ತು ಡೊಂಗ್ಯಾ ಯಾಂಗ್ 2006ರಲ್ಲಿ ಪ್ರಕಟಿಸಿದ ಡಿಎನ್‌ಎ ಫಲಿತಾಂಶದಲ್ಲಿ ಪಿಂಕ್‌ದೇ ಮೇಲುಗೈ. ಪಿಂಕ್‌ನಲ್ಲಿ ಕೊಬ್ಬು ಕಡಿಮೆ, ಒಣಗಿಸಿದರೆ ಬಹುಕಾಲ ಕೆಡದು. ಸುಮಾರು 7000 ವರ್ಷಗಳ ಹಿಂದೆಯೇ ಅಲ್ಲಿನವರು ಮೀನು ಕೂಡಿಟ್ಟು ಒಂದೆಡೆ ನೆಲೆಸಿದ್ದರು ಎಂಬ ಈ ಇಬ್ಬರ ವಾದಕ್ಕೆ ಇದು ಆಧಾರ.

ಮಣಿಯನ್ನು ಪುಡಿ ಮಾಡಿದರೆ ಹೋಯಿತು, ಹಾಗಾಗಿ ಮೊದಲು ಫೋಟೊ, ಅಳತೆ. ಆಮೇಲೆ ಮೇಲೆ ಅಂಟಿದ ಹೊರಗಿನ ಡಿಎನ್‌ಎ ಕಳೆಯಲು 5ರಿಂದ 10 ನಿಮಿಷ ಬ್ಲೀಚ್‌ನಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಎರಡೂ ಮಗ್ಗುಲಿಗೆ ಅರ್ಧರ್ಧ ಗಂಟೆ ಯುವಿ (ಅತಿನೇರಳೆ) ಬೆಳಕು. ಮಣಿ ಸ್ಪಂಜಿನಂತೆ ತೂತುತೂತು. ಹೆಚ್ಚು ಹೊತ್ತು ನೆನೆಸಿದರೆ ಮೇಲಿನ ಕೊಳೆಯ ಜೊತೆ ಒಳಗಿನ ಡಿಎನ್‌ಎಯೂ ಹೋಗುತ್ತದೆ. ಪುಡಿಗೆ ಮೂಳೆಯ ಕ್ಯಾಲ್ಸಿಯಂ ಕರಗಿಸುವ 0.5 ಮೋಲಾರ್ ಇಡಿಟಿಎ, ಸ್ವಲ್ಪ ಎಸ್‌ಡಿಎಸ್ ಎಂಬ ಮಾರ್ಜಕ, ಪ್ರೋಟೀನು ಕತ್ತರಿಸುವ ಕಿಣ್ವ ಪ್ರೊಟೀನೇಸ್-ಕೆ ಹಾಕಿ 50 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಬೇಕು. ಮೇಲಿನ ತಿಳಿಯನ್ನು ಸಿಲಿಕಾ ತುಂಬಿದ ಪುಟ್ಟ ಕೊಳವೆಗೆ (ಕಾಲಂ) ಹಾಕಿದರೆ ಡಿಎನ್‌ಎ ಅಲ್ಲಿ ಅಂಟಿಕೊಳ್ಳುತ್ತದೆ.

ಹುಡುಕುವುದು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಸೈಟೋಕ್ರೋಮ್-ಬಿ ಅಥವಾ ಡಿ-ಲೂಪ್ ಎಂಬ ಭಾಗದ ತುಣುಕನ್ನು. ಒಂದೊಂದು ಕೋಶದಲ್ಲೂ ಅದರ ಪ್ರತಿಗಳು ಬಹಳ. ತುಣುಕಿನ ಎರಡು ತುದಿಗೆ ಅಂಟಿ ನಕಲು ಶುರುಮಾಡಿಸುವ ಪ್ರೈಮರ್‌ಗಳ ನಡುವಿನ ದೂರ 200 ಬೇಸ್ ಜೋಡಿ (ಡಿಎನ್‌ಎಯ ಅಕ್ಷರಜೋಡಿ) ಮೀರದಿದ್ದರೆ ಒಳ್ಳೆಯದು. ಉದ್ದ ತುಣುಕು ಕೇಳಿದರೆ ಚೂರುಚೂರಾದ ಹಳೆಯ ಡಿಎನ್‌ಎ ಓಗೊಡುವುದಿಲ್ಲ, ಹೊರಗಿನಿಂದ ಬಂದ ಹೊಸ ಡಿಎನ್‌ಎ ಓಗೊಡುತ್ತದೆ! ಹಾಗಾಗಿ ಡಿಎನ್‌ಎಯ ನಕಲುಗಳನ್ನು ರಾಶಿರಾಶಿ ತಯಾರಿಸುವ ಪಿಸಿಆರ್ ಕೋಣೆಗೆ ಹೋದವರು ಅದೇ ದಿನ ಮೂಳೆಯ ಕೋಣೆಗೆ ಕಾಲಿಡಬಾರದು. ಪ್ರತಿ ಕಂತಿನಲ್ಲೂ ಮೂಳೆಯಿಲ್ಲದ ಖಾಲಿ ಟ್ಯೂಬ್ ಇಡಬೇಕು. ಆ ಖಾಲಿ ಟ್ಯೂಬಿನಲ್ಲೂ ಸಾಲ್ಮನ್ ಡಿಎನ್‌ಎ ಕಂಡರೆ ಇಡೀ ಕಂತಿನ ಫಲಿತಾಂಶ ಕಸದಬುಟ್ಟಿಗೆ. ಹಳೆಯ ಡಿಎನ್‌ಎಯಲ್ಲಿ ಸಿ ಎಂಬ ಅಕ್ಷರ ಇದ್ದಲ್ಲಿ ಟಿ ಎಂದು ಓದಿಸುವ ಹಾನಿಯೂ ಉಂಟು. ಎರಡು ಜಾತಿಗಳ ವ್ಯತ್ಯಾಸ ಅಂಥ ಒಂದೇ ಅಕ್ಷರದ ಮೇಲೆ ನಿಂತಿದ್ದರೆ ಮತ್ತೊಮ್ಮೆ ಮಾಡದೆ ಹೆಸರು ಬರೆಯಬೇಡಿ.

ಮೀನು ಎಲ್ಲಿಯದೆಂಬ ಪ್ರಶ್ನೆಗೆ ಈ ಚಿಕ್ಕ ತುಣುಕು ಸಾಲದು. ಉತ್ತರ ಜರ್ಮನಿಯ ವೈಕಿಂಗ್ ಪೇಟೆ ಹೈತಾಬುವಿನ ಕಾಡ್ ಎಂಬ ಕಡಲ ಮೀನಿನ ಮೂಳೆಗಳಲ್ಲಿ ಇಡೀ ಜೀನೋಮನ್ನೇ (ಪೂರ್ತಿ ಡಿಎನ್‌ಎ) ಓದಿದ ಮೇಲೆ, 2017ರಲ್ಲಿ, ಅವು ನಾರ್ವೆಯ ಉತ್ತರ ತುದಿಯ ಕಡಲಿನವು ಎಂದು ಹೇಳಲಾಯಿತು.